ಪಬ್ಬು, ಬಿಯರ್ ಹೌಸು ಮತ್ತೆ ಅಲ್ಲಿ ದಿನಾ ಕೂರೋ ಜನ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಬ್ಬು, ಬಿಯರ್ ಹೌಸುಗಳ ಹಿಸ್ಟರಿ ಓದ್ತೀನಿ ಅಂತ ಗೊತ್ತಾದ ಮೇಲೆ ಮಡಿಕೇರಿ, ಸುಂಟಿಕೊಪ್ಪ, ಗೋಣಿಕೊಪ್ಪ ಕಡೆ ಸಿಕ್ಕಿದೋರೆಲ್ಲ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಮದುವೆ ಮನೆಯಲ್ಲೂ ಕೇಳ್ತಾರೆ, ಬಸ್ಸಲ್ಲೂ ಕೇಳ್ತಾರೆ, ಹಾಗಾಗಿ ಒಂದೇ ಕಡೆ ಬರೆದಿಟ್ರೆ ಎಲ್ಲರಿಗೂ ಉಪಯೋಗ ಅಂತ ಕೂತು ಬರೆದೆ. ಯಾವ ಬ್ರ್ಯಾಂಡ್ ಒಳ್ಳೇದು, ಎಲ್ಲಿ ರೇಟು ಕಮ್ಮಿ ಅನ್ನೋದೆಲ್ಲ ಇಲ್ಲಿ ಸಿಗಲ್ಲ. ಜನ ಎಲ್ಲಿ ಕೂತು ಕುಡಿದ್ರು, ಯಾರ ಪಕ್ಕ ಕೂತ್ರು, ಆ ಕೂರೋ ಜಾಗ ಕೊಟ್ಟೋರು ಯಾರು, ಕಿತ್ಕೊಂಡೋರು ಯಾರು, ನನಗೆ ಬೇಕಾದ ವಿಷಯ ಇದು.

ಪಬ್ಬು ಅಂದ್ರೂ ಬಾರ್ ಅಂದ್ರೂ ಒಂದೇ ಅಲ್ವಾ?

ಈಗ ನಮ್ಮ ಕಡೆ ಬೋರ್ಡ್ ಯಾವುದು ಬೇಕಾದ್ರೂ ಹಾಕ್ತಾರೆ, ಒಳಗೆ ಹೋದ್ರೆ ಟೇಬಲ್ಲು, ಫ್ಯಾನು, ಟೀವಿ ಅಷ್ಟೇ. ಆದ್ರೆ ಇಂಗ್ಲೆಂಡಲ್ಲಿ ಹಿಂದೆ ಮೂರು ಥರ ಇತ್ತು. ಇನ್ ಅಂದ್ರೆ ದಾರಿಯಲ್ಲಿ ಹೋಗೋರಿಗೆ ಊಟ, ಹಾಸಿಗೆ, ಕುದುರೆಗೆ ಲಾಯ ಎಲ್ಲ ಇರೋ ದೊಡ್ಡ ಮನೆ. ಟ್ಯಾವರ್ನ್ ಅಂದ್ರೆ ವೈನ್ ಸಿಗೋ ಜಾಗ, ಕಾಸಿದ್ದೋರು, ವ್ಯಾಪಾರಿಗಳು, ವಕೀಲರು ಹೋಗ್ತಿದ್ರು. ಏಲ್‌ಹೌಸ್ ಅಂದ್ರೆ ಯಾರೋ ಒಬ್ಬರ ಮನೆಯ ಮುಂದಿನ ಕೋಣೆ, ಎರಡು ಬೆಂಚು, ಒಂದು ಒಲೆ, ಮನೆಯಲ್ಲೇ ಮಾಡಿದ ಏಲ್, ಅಂದ್ರೆ ಹಳೇ ಥರದ ಬಿಯರ್. 1577ರಲ್ಲಿ ತೆರಿಗೆ ಹಾಕೋಕೆ ಅಂತ ಸರ್ಕಾರ ಲೆಕ್ಕ ತೆಗೆಸಿದಾಗ ಸುಮಾರು 14 ಸಾವಿರ ಏಲ್‌ಹೌಸು ಸಿಕ್ಕಿದ್ವು, ಇನ್ನುಗಳು 1,600ರ ಹತ್ರ, ಟ್ಯಾವರ್ನುಗಳು 300 ಚಿಲ್ಲರೆ. ಅಂದ್ರೆ ಬಹುಪಾಲು ಜನ ಕುಡೀತಾ ಇದ್ದದ್ದು ಪಕ್ಕದ ಮನೆಯಲ್ಲಿ ಕೂತು. ಇವತ್ತು ನಾವು ಪಬ್ಬು ಅಂತ ಕರೆಯೋದು ಈ ಮೂರೂ ಸೇರ್ಕೊಂಡು 18, 19ನೇ ಶತಮಾನದಲ್ಲಿ ರೂಪ ತಗೊಂಡಿದ್ದು.

ಮೊದಲು ಏಲ್‌ಹೌಸ್ ನಡೆಸ್ತಾ ಇದ್ದದ್ದು ಹೆಂಗಸರು ಅಂತಾರಲ್ಲ, ನಿಜವಾ?

ನಿಜ. ಹಳೇ ಏಲ್‌ಗೆ ಹಾಪ್ಸ್, ಅಂದ್ರೆ ಬಿಯರಿಗೆ ಕಹಿ ಕೊಟ್ಟು ಕೆಡದ ಹಾಗೆ ಕಾಯೋ ಒಂದು ಬಳ್ಳಿಯ ಹೂವು, ಹಾಕ್ತಿರಲಿಲ್ಲ, ಹಾಗಾಗಿ ಕೆಲವೇ ದಿನಕ್ಕೆ ಹುಳಿ ಬರ್ತಿತ್ತು, ದೂರ ಸಾಗಿಸೋಕೆ ಆಗ್ತಿರಲಿಲ್ಲ. ಮನೆ ಹೆಂಗಸರು ಮನೆಗೆ ಅಂತ ಮಾಡಿ, ಮಿಕ್ಕಿದ್ದನ್ನ ಮಾರ್ತಿದ್ರು. ಇವತ್ತು ಏಲ್ ರೆಡಿ ಇದೆ ಅಂತ ತಿಳಿಸೋಕೆ ಬಾಗಿಲ ಮುಂದೆ ಒಂದು ಕೋಲು, ಕೋಲಿನ ತುದಿಗೆ ಸೊಪ್ಪಿನ ಕಟ್ಟು. ಅದನ್ನ ನೋಡ್ಕೊಂಡು ಊರಿನ ಏಲ್ ಪರೀಕ್ಷಕ ಬಂದು ರುಚಿ ನೋಡ್ತಿದ್ದ, ಯಾಕಂದ್ರೆ 13ನೇ ಶತಮಾನದಲ್ಲೇ ಬ್ರೆಡ್ಡಿಗೂ ಏಲ್‌ಗೂ ಬೆಲೆ, ಅಳತೆ ಫಿಕ್ಸ್ ಮಾಡೋ ಕಾನೂನು ಬಂದಿತ್ತು. 1393ರಲ್ಲಿ ರಾಜ ಎರಡನೇ ರಿಚರ್ಡ್ ಲಂಡನ್ನಿನಲ್ಲಿ ಏಲ್ ಮಾರೋರು ಬೋರ್ಡ್ ಹಾಕಲೇಬೇಕು ಅಂದ, ಓದು ಬರಹ ಇಲ್ಲದ ಜನಕ್ಕೆ ಅರ್ಥ ಆಗ್ಲಿ ಅಂತ ಸಿಂಹ, ಜಿಂಕೆ, ಕಿರೀಟದ ಚಿತ್ರಗಳು ಬಂದವು.

15ನೇ ಶತಮಾನದಲ್ಲಿ ಹಾಲೆಂಡ್, ಬೆಲ್ಜಿಯಂ ಕಡೆಯಿಂದ ಹಾಪ್ಸ್ ಹಾಕಿದ ಬಿಯರ್ ಬಂತು ನೋಡಿ, ಕಥೆ ಬದಲಾಯ್ತು. ಅದು ಬಹಳ ದಿನ ಕೆಡಲ್ಲ, ಹಾಗಾಗಿ ಒಂದೇ ಸಲಕ್ಕೆ ಜಾಸ್ತಿ ಮಾಡಬಹುದು, ಪೀಪಾಯಿಯಲ್ಲಿ ತುಂಬಿ ಕಳಿಸಬಹುದು, ಆದ್ರೆ ಅದಕ್ಕೆ ದೊಡ್ಡ ಹಂಡೆ ಬೇಕು, ಬಂಡವಾಳ ಬೇಕು, ಸಾಲ ಬೇಕು. ಆ ಕಾಲದಲ್ಲಿ ಸಾಲ ಹುಟ್ಟೋದು ಗಂಡಸರಿಗೆ. ಹೀಗೆ ಹೆಂಗಸರ ಕೈಯಲ್ಲಿದ್ದ ಕಸುಬು ನಿಧಾನಕ್ಕೆ ಜಾರಿ ಹೋಯ್ತು, ಇದು ನನಗೆ ಇವತ್ತಿಗೂ ಬೇಜಾರು ಮಾಡೋ ವಿಷಯ.

ಲೈಸೆನ್ಸ್ ಅನ್ನೋದು ಯಾವಾಗ ಶುರುವಾಯ್ತು?

1552ರಲ್ಲಿ. ಊರಿನ ನ್ಯಾಯಾಧಿಕಾರಿಗಳ ಅನುಮತಿ ಇಲ್ಲದೆ ಏಲ್‌ಹೌಸ್ ನಡೆಸೋ ಹಾಗಿಲ್ಲ ಅಂತ ಆರನೇ ಎಡ್ವರ್ಡ್ ಕಾಲದಲ್ಲಿ ಕಾನೂನಾಯ್ತು. ಅಲ್ಲಿಂದ ಇಲ್ಲಿಯವರೆಗೆ ಯಾರಿಗೆ ಕೂರೋ ಜಾಗ ಸಿಗಬೇಕು ಅನ್ನೋದು ಕುಡಿಯೋರ ಕೈಯಲ್ಲಿಲ್ಲ.

1830ರ ಬಿಯರ್ ಹೌಸ್ ಕಾನೂನು ಅಂದ್ರೆ ಎಂತ?

ಇಡೀ ಹಿಸ್ಟರಿಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಅದಕ್ಕೆ ನೂರು ವರ್ಷ ಮುಂಚೆ ಲಂಡನ್ನಿನಲ್ಲಿ ಜಿನ್ ಅನ್ನೋ ಗಟ್ಟಿ ಮದ್ಯದ ಹುಚ್ಚು ಹಿಡಿದಿತ್ತು, ಅಗ್ಗದ ಜಿನ್ ಕುಡಿದು ಬಡವರ ಮನೆಗಳು ಹಾಳಾದ್ವು, 1736ರಲ್ಲಿ ಭಾರೀ ತೆರಿಗೆ ಹಾಕಿದ್ರು, ಅದರಿಂದ ಕಳ್ಳ ವ್ಯಾಪಾರ ಜಾಸ್ತಿ ಆಯ್ತು, ಆಮೇಲೆ 1751ರ ಕಾನೂನಿನಲ್ಲಿ ಸಣ್ಣ ಅಂಗಡಿಗಳಿಗೆ ಕಡಿವಾಣ ಹಾಕಿದ ಮೇಲೆ ಸ್ವಲ್ಪ ತಹಬಂದಿಗೆ ಬಂತು. ಆಗಿಂದ ಜಿನ್ ಕೆಟ್ಟದ್ದು, ಬಿಯರ್ ಒಳ್ಳೇದು, ಬಿಯರ್ ಅಂದ್ರೆ ದುಡಿಯೋನ ಆಹಾರ ಅನ್ನೋ ನಂಬಿಕೆ ಬೇರೂರಿತ್ತು. ಅದಕ್ಕೆ 1830ರಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ ಸರ್ಕಾರ ಏನು ಮಾಡ್ತು ಅಂದ್ರೆ, ಬಿಯರ್ ಮೇಲಿನ ತೆರಿಗೆ ತೆಗೆದು ಹಾಕಿ, ಮನೆ ತೆರಿಗೆ ಕಟ್ಟೋ ಯಾರು ಬೇಕಾದ್ರೂ ವರ್ಷಕ್ಕೆ 2 ಗಿನಿ (ಆ ಕಾಲದ ಇಂಗ್ಲಿಷ್ ನಾಣ್ಯ) ಕಟ್ಟಿದ್ರೆ ಸಾಕು, ಮ್ಯಾಜಿಸ್ಟ್ರೇಟ್ ಮುಂದೆ ಕೈ ಕಟ್ಟಿ ನಿಲ್ಲೋದು ಬೇಡ, ಸ್ವಂತ ಮನೆಯಲ್ಲೇ ಬಿಯರ್ ಮಾಡಿ ಮಾರಬಹುದು ಅಂದುಬಿಟ್ಟಿತು.

ಒಂದೇ ವರ್ಷದೊಳಗೆ 24 ಸಾವಿರದ ಮೇಲೆ ಬಿಯರ್ ಹೌಸು. ಚಮ್ಮಾರ, ಕಮ್ಮಾರ, ಗಾಡಿ ಹೊಡೆಯೋನು, ಗಂಡ ಸತ್ತ ಹೆಂಗಸು, ಎಲ್ಲರೂ ತಮ್ಮ ಮುಂದಿನ ಕೋಣೆಯಲ್ಲಿ ಪೀಪಾಯಿ ಇಟ್ರು. ಕೌಂಟರ್ ಅಂತ ಇರಲಿಲ್ಲ, ಮನೆಯೊಡತಿ ಹಿಂದಿನ ಕೋಣೆಯಿಂದ ಹೂಜಿಯಲ್ಲಿ ತುಂಬ್ಕೊಂಡು ಬಂದು ಬಗ್ಗಿಸ್ತಿದ್ಲು, ಸ್ಪಿರಿಟ್ ಮಾರೋಕೆ ಪರ್ಮಿಷನ್ ಇಲ್ಲ, ಬರೀ ಬಿಯರು. ಕೂಲಿ ಆಳು ಹೊಲದಿಂದ ನೇರ ಬಂದು ಕೆಸರು ಬೂಟಲ್ಲೇ ಕೂರಬಹುದಾಗಿತ್ತು. ಅದೇ ವರ್ಷ ದಕ್ಷಿಣ ಇಂಗ್ಲೆಂಡಲ್ಲಿ ಕೃಷಿ ಕೂಲಿಗಳು ಒಕ್ಕಣೆ ಮಿಷನ್ ಒಡೆದು ದಂಗೆ ಎದ್ರು, ಜಮೀನ್ದಾರರು ತಕ್ಷಣ ಬೆರಳು ತೋರಿಸಿದ್ದು ಬಿಯರ್ ಅಂಗಡಿ ಕಡೆಗೆ, ಅಲ್ಲೇ ಕೂತು ಪಿತೂರಿ ಮಾಡ್ತಾರೆ ಅಂತ. ಕುಡಿದು ಬಿದ್ದಿದ್ರೆ ಅವರಿಗೇನೂ ತೊಂದರೆ ಇರಲಿಲ್ಲ, ಕೂತು ಮಾತಾಡಿದ್ದೇ ತೊಂದರೆ. 1869ರಲ್ಲಿ ಬಿಯರ್ ಹೌಸುಗಳನ್ನ ಮತ್ತೆ ಮ್ಯಾಜಿಸ್ಟ್ರೇಟ್ ಕೈಗೆ ಕೊಟ್ರು, ಸಾವಿರಾರು ಮನೆಗಳು ಆಮೇಲೆ ಒಂದೊಂದೇ ಬಾಗಿಲು ಹಾಕಿದ್ವು, ಉಳಿದದ್ದು ಬಹುಪಾಲು ದೊಡ್ಡ ಬ್ರೂವರಿಗಳ ಪಾಲಾಯ್ತು.

ದಿನಾ ಬರೋ ಗಿರಾಕಿಗಳ ಬಗ್ಗೆ ಯಾರಾದ್ರೂ ಸರಿಯಾಗಿ ಬರೆದಿದ್ದಾರಾ?

1930ರ ದಶಕದ ಕೊನೆಯಲ್ಲಿ ಮಾಸ್ ಅಬ್ಸರ್ವೇಷನ್ ಅನ್ನೋ ಗುಂಪು ಬೋಲ್ಟನ್ ಅನ್ನೋ ಹತ್ತಿ ಮಿಲ್ಲಿನ ಊರಿಗೆ ಹೋಗಿ, ಪಬ್ಬುಗಳಲ್ಲಿ ಸುಮ್ನೆ ಕೂತು ಯಾರು ಎಲ್ಲಿ ಕೂರ್ತಾರೆ, ಎಷ್ಟು ಹೊತ್ತು ಒಂದು ಗ್ಲಾಸು, ಏನು ಮಾತು ಅಂತ ಬರ್ಕೊಂಡ್ರು. ಅವರಿಗೆ ಕಂಡ ಒಂದು ವಿಷಯ: ಜೊತೆಯಲ್ಲಿ ಕೂತೋರ ಗ್ಲಾಸುಗಳು ಒಟ್ಟೊಟ್ಟಿಗೆ ಖಾಲಿ ಆಗ್ತವೆ. ಒಬ್ಬ ರೌಂಡ್, ಅಂದ್ರೆ ಜೊತೆಯೋರಿಗೆಲ್ಲ ಒಂದೊಂದು ಗ್ಲಾಸು, ಕೊಡಿಸಿದ್ರೆ ಮುಂದಿನದು ಇನ್ನೊಬ್ಬ, ಹಾಗಾಗಿ ಯಾರೂ ಮುಂದೆ ಓಡೋ ಹಾಗಿಲ್ಲ, ಹಿಂದೆ ಬೀಳೋ ಹಾಗೂ ಇಲ್ಲ. ಇದು ನಮ್ಮ ಸೋಮವಾರಪೇಟೆಯ ಬಾರಲ್ಲೂ ಹಾಗೇ ಉಂಟು, ನೀವೇ ಗಮನಿಸಿ ನೋಡಿ.

ಜರ್ಮನಿಯಲ್ಲಿ ಅದಕ್ಕೆ ಒಂದು ಮೇಜನ್ನೇ ಮೀಸಲಿಡ್ತಾರೆ, ಸ್ಟಾಮ್‌ಟಿಶ್ ಅಂತ, ಮೇಲೆ ಒಂದು ಸಣ್ಣ ಬೋರ್ಡ್ ಇರುತ್ತೆ, ಹೊಸಬರು ಅಲ್ಲಿ ಕೂರಲ್ಲ. ಮ್ಯೂನಿಕ್ಕಿನ ಹೋಫ್‌ಬ್ರಾಯ್‌ಹೌಸ್ 1589ರಲ್ಲಿ ಶುರುವಾದ ಬ್ರೂವರಿ, ಅಲ್ಲಿ ಹಳೇ ಗಿರಾಕಿಗಳ ಮಗ್ಗುಗಳನ್ನ ಬೀಗ ಹಾಕಿದ ಕಬ್ಬಿಣದ ಕಪಾಟಲ್ಲಿ ಇಡ್ತಾರೆ, ಬೀಗದ ಕೈ ಅವರವರ ಹತ್ರ.

ನಮ್ಮ ಕಡೆ ಬೋರ್ಡೂ ಇಲ್ಲ ಬೀಗಾನೂ ಇಲ್ಲ, ಆದ್ರೂ ಜಾಗ ಫಿಕ್ಸ್. ಜುಲೈ ತಿಂಗಳಲ್ಲಿ ಯಾವುದಾದ್ರೂ ಹಳೇ ಬಾರಿಗೆ ಮಧ್ಯಾಹ್ನ ಹೋಗಿ ನೋಡಿ. ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ ರೈನ್‌ಕೋಟಿಂದ ನೀರು ತೊಟ್ಟಿಕ್ತಾ ಇರುತ್ತೆ, ಕೆಳಗೆ ಒಂದು ಗೋಣಿಚೀಲ ಹಾಸಿರ್ತಾರೆ, ಕ್ಯಾಶಿಯರ್ ಎದುರಿನ ಮೂಲೆ ಟೇಬಲ್ಲಲ್ಲಿ ರಿಟೈರ್ಡ್ ಸುಬೇದಾರ್ ಒಬ್ಬರು, ಅವರು ಆರ್ಡರ್ ಮಾಡಲ್ಲ, ಸಪ್ಲೈಯರ್ ಹುಡುಗ ಅವರ ಮುಖ ನೋಡಿ ರಮ್ಮು, ಬಿಸಿನೀರು, ಬೇಯಿಸಿದ ಮೊಟ್ಟೆ ತಂದಿಡ್ತಾನೆ, ಮೊಟ್ಟೆಗೆ ಮೆಣಸಿನ ಪುಡಿ ಜಾಸ್ತಿ. ಪಕ್ಕದಲ್ಲಿ ಜೀಪ್ ಡ್ರೈವರು, ಎರಡು ಎಕರೆ ಕಾಫಿ ಇರೋ ಬೆಳೆಗಾರರು. ಮಾತು ಮಳೆ ಎಷ್ಟು ಇಂಚು ಬಿತ್ತು ಅನ್ನೋದರಿಂದ ಶುರುವಾಗಿ ಕಾಫಿ ರೇಟಿಗೆ ಬಂದು, ಅಲ್ಲಿಂದ ಆನೆ ಯಾರ ತೋಟಕ್ಕೆ ನುಗ್ಗಿತು ಅನ್ನೋದಕ್ಕೆ ಹೋಗಿ, ಏಪ್ರಿಲ್ ಮೇ ಆದ್ರೆ ಕೌಟುಂಬಿಕ ಹಾಕಿಯಲ್ಲಿ ಯಾವ ಮನೆತನ ಯಾರನ್ನ ಸೋಲಿಸ್ತು ಅನ್ನೋದಕ್ಕೆ ನಿಲ್ಲುತ್ತೆ. ಆ ಟೂರ್ನಮೆಂಟ್ 1997ರಲ್ಲಿ ಕರಡದಲ್ಲಿ ಶುರುವಾದಾಗಿಂದ ಬಾರಿನ ಮಾತಿಗೆ ಬರ ಬಂದಿಲ್ಲ. ಸುಬೇದಾರರು ಎರಡು ದಿನ ಕಾಣದಿದ್ರೆ ಮೂರನೇ ದಿನ ಯಾರಾದ್ರೂ ಒಬ್ಬರು ಮನೆ ಕಡೆ ಹೋಗಿ ವಿಚಾರಿಸ್ಕೊಂಡು ಬರ್ತಾರೆ. ನಾನು ರೆಗ್ಯುಲರ್ ಅಂತ ಕರೆಯೋದು ಇವರನ್ನ. ಎಷ್ಟು ಕುಡೀತಾರೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಒಂದೇ ಪಬ್ಬಲ್ಲಿ ಬೇರೆ ಬೇರೆ ಕೋಣೆ, ಬೇರೆ ಬೇರೆ ರೇಟು ಇತ್ತಂತೆ?

ಇತ್ತು. ವಿಕ್ಟೋರಿಯಾ ಕಾಲದ ಪಬ್ಬಿಗೆ ಎರಡು ಮೂರು ಬಾಗಿಲು. ಪಬ್ಲಿಕ್ ಬಾರಲ್ಲಿ ಮರದ ಬೆಂಚು, ನೆಲಕ್ಕೆ ಮರದ ಪುಡಿ, ಅಗ್ಗದ ರೇಟು, ಕೂಲಿಯೋರು. ಸಲೂನ್ ಬಾರಲ್ಲಿ ಕಾರ್ಪೆಟ್ಟು, ಕನ್ನಡಿ, ಅದೇ ಬಿಯರಿಗೆ ಸ್ವಲ್ಪ ಜಾಸ್ತಿ ಕಾಸು, ಗುಮಾಸ್ತರು, ಅಂಗಡಿ ಮಾಲೀಕರು. ಸ್ನಗ್ ಅಂತ ಪುಟ್ಟ ಕೋಣೆ ಒಂದು, ಹೊರಗೆ ಕಾಣಬಾರದು ಅನ್ನೋರಿಗೆ, ಅಲ್ಲಿ ಹೆಂಗಸರೂ ಕೂರ್ತಿದ್ರು. ಹೆಂಗಸರ ವಿಷಯ ಬಂದ್ರೆ, ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಎಲ್ ವಿನೋ ಬಾರಲ್ಲಿ ಗಂಡಸರ ಹಾಗೆ ಕೌಂಟರ್ ಹತ್ರ ನಿಂತು ಕೇಳಿದ ಹೆಂಗಸರಿಗೆ ಕೊಡ್ತಾ ಇರಲಿಲ್ಲ, ಅದು ಕಾನೂನುಬಾಹಿರ ಅಂತ ಕೋರ್ಟ್ ಹೇಳಿದ್ದು 1982ರಲ್ಲಿ, ಅಷ್ಟು ಇತ್ತೀಚೆಗೆ.

ಕೊಡಗಲ್ಲಿ ಈ ಬೇರೆ ಬೇರೆ ಕೋಣೆಗಳು ಒಂದೇ ಸೂರಿನಡಿ ಇರಲಿಲ್ಲ, ಮೈಲಿಗಟ್ಟಲೆ ದೂರ ಇದ್ವು. ಇಂಗ್ಲಿಷ್ ದೊರೆಗಳಿಗೆ ಕ್ಲಬ್ಬು, ಕೂಲಿಯೋರಿಗೆ ಸಾರಾಯಿ ಅಂಗಡಿ. ಕೆಳಗೆ ಬರೆದಿದ್ದೀನಿ.

ಇಂಗ್ಲೆಂಡಲ್ಲಿ ಮಧ್ಯಾಹ್ನ ಪಬ್ ಮುಚ್ಚೋ ರೂಲ್ ಯಾಕೆ ಬಂತು?

ಮೊದಲ ಮಹಾಯುದ್ಧ. ಮದ್ದುಗುಂಡು ಫ್ಯಾಕ್ಟರಿ ಕೆಲಸಗಾರರು ಕುಡಿದು ಕೆಲಸಕ್ಕೆ ಬರಲ್ಲ ಅಂತ 1914, 15ರಲ್ಲಿ ಸರ್ಕಾರ ಸಮಯ ಕಟ್ ಮಾಡ್ತು, ಮಧ್ಯಾಹ್ನ ಎರಡೂವರೆಗೆ ಬಂದ್, ಸಂಜೆ ಮತ್ತೆ ಓಪನ್. ಒಬ್ಬರಿಗೊಬ್ಬರು ಕುಡಿಸೋದನ್ನೇ ನಿಷೇಧ ಮಾಡಿದ್ರು, ಅಂದ್ರೆ ರೌಂಡ್ ಕೊಡಿಸಿದ್ರೆ ಕೇಸು. ಕಾರ್ಲೈಲ್ ಊರಲ್ಲಿ ಸರ್ಕಾರವೇ ಬ್ರೂವರಿ, ಪಬ್ಬು ಎಲ್ಲ ಖರೀದಿ ಮಾಡಿ 1916ರಿಂದ 1973ರವರೆಗೆ ನಡೆಸ್ತು. ಯುದ್ಧಕ್ಕೆ ಅಂತ ತಂದ ಮಧ್ಯಾಹ್ನದ ಬಂದ್ ಹೋಗಿದ್ದು 1988ರಲ್ಲಿ, ಭಾನುವಾರದ್ದು 1995ರಲ್ಲಿ. ತಾತ್ಕಾಲಿಕ ಅಂತ ಬಂದ ರೂಲು ಮೂರು ತಲೆಮಾರು ಉಳೀತು.

ಆಸ್ಟ್ರೇಲಿಯಾದಲ್ಲಿ ಇನ್ನೂ ಕಷ್ಟ. 1916ರಲ್ಲಿ ಹಲವು ರಾಜ್ಯಗಳಲ್ಲಿ ಸಂಜೆ ಆರಕ್ಕೇ ಬಂದ್ ಅಂದ್ರು. ಐದಕ್ಕೆ ಕೆಲಸ ಬಿಡುತ್ತೆ, ಆರಕ್ಕೆ ಬಾಗಿಲು, ಆ ಒಂದು ಗಂಟೆಯಲ್ಲಿ ಎಷ್ಟಾಗುತ್ತೋ ಅಷ್ಟು ಸುರ್ಕೊಳ್ಳೋದು. ಪಬ್ಬಿನೋರು ಕುರ್ಚಿ ಮೇಜು ತೆಗೆದು ಹೊರಗೆ ಹಾಕಿದ್ರು, ನಿಂತ್ರೆ ಜಾಸ್ತಿ ಜನ ಹಿಡಿಸ್ತಾರೆ, ಗೋಡೆಗೆ ಟೈಲ್ಸ್ ಹಾಕಿದ್ರು, ತೊಳೆಯೋಕೆ ಸುಲಭ. ವಿಕ್ಟೋರಿಯಾ ರಾಜ್ಯದಲ್ಲಿ ಅದು 1966ರವರೆಗೆ ನಡೀತು. ನಮ್ಮಲ್ಲಿ ಡ್ರೈ ಡೇ ಹಿಂದಿನ ಸಂಜೆ ವೈನ್ ಶಾಪ್ ಮುಂದೆ ಕ್ಯೂ ನೋಡಿದೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕುಡಿಯೋದಕ್ಕೆ ಟೈಮ್ ಕಮ್ಮಿ ಮಾಡಿದ್ರೆ ಕುಡಿತ ಕಮ್ಮಿ ಆಗುತ್ತೆ ಅನ್ನೋ ಲೆಕ್ಕ ಯಾವಾಗಲೂ ಸರಿಹೋಗಲ್ಲ, ಮಾತು ಮಾತ್ರ ಖಂಡಿತ ಕಮ್ಮಿ ಆಗುತ್ತೆ.

ನಮ್ಮ ದೇಶಕ್ಕೆ ಬಿಯರ್ ಬಂದದ್ದು ಹೇಗೆ?

ಹಡಗಲ್ಲಿ. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ಲಂಡನ್ನಿನಿಂದ ಆಫ್ರಿಕಾ ಸುತ್ತಿಕೊಂಡು ನಾಲ್ಕೈದು ತಿಂಗಳ ದಾರಿ, ಹಾಪ್ಸ್ ಜಾಸ್ತಿ ಹಾಕಿದ, ತಿಳಿ ಬಣ್ಣದ ಪೇಲ್ ಏಲ್ ಆ ದಾರಿ ತಡ್ಕೊಳ್ತಿತ್ತು. 18ನೇ ಶತಮಾನದ ಕೊನೆಗೆ ಹಾಜ್‌ಸನ್ ಅನ್ನೋ ಲಂಡನ್ ಬ್ರೂವರಿ ಈ ವ್ಯಾಪಾರದಲ್ಲಿ ಮುಂದಿತ್ತು, 1820ರ ದಶಕದಲ್ಲಿ ಬರ್ಟನ್ ಊರಿನ ಆಲ್‌ಸಾಪ್ ಅದನ್ನ ಹಿಂದೆ ಹಾಕ್ತು. ಈಗ ಬೆಂಗಳೂರಲ್ಲಿ ಐಪಿಎ (ಇಂಡಿಯಾ ಪೇಲ್ ಏಲ್) ಅಂತ ಆರ್ಡರ್ ಮಾಡ್ತಾರಲ್ಲ, ಅದರ ಮೂಲ ಇದು. ಆದ್ರೆ ಸಾಮಾನ್ಯ ಸಿಪಾಯಿಗೆ ಸಿಗ್ತಿದ್ದದ್ದು ಹೆಚ್ಚಾಗಿ ಪೋರ್ಟರ್ ಅನ್ನೋ ಕಪ್ಪು ಬಿಯರ್, ಪೇಲ್ ಏಲ್ ಎಲ್ಲ ಆಫೀಸರುಗಳಿಗೆ.

19ನೇ ಶತಮಾನದಲ್ಲಿ ಎಡ್ವರ್ಡ್ ಡೈಯರ್ ಅನ್ನೋನು ಹಿಮಾಲಯದ ಕಸೌಲಿಯಲ್ಲಿ ಬ್ರೂವರಿ ಮಾಡ್ದ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸೋಕೆ ಆರ್ಡರ್ ಕೊಟ್ಟ ಜನರಲ್ ಡೈಯರ್ ಇವನ ಮಗ. ಕೈ ಬದಲಾಗಿ ಮುಂದೆ ಮೋಹನ್ ಮೀಕಿನ್ ಅಂತ ಹೆಸರಾದ ಅದೇ ಕಂಪನಿ 1954ರಲ್ಲಿ ಓಲ್ಡ್ ಮಾಂಕ್ ರಮ್ ತಂತು, ಕೊಡಗಿನ ಮಿಲಿಟರಿ ಮನೆಗಳಲ್ಲಿ ಆ ಗುಂಡು ಬಾಟ್ಲಿ ಕಾಣದೋರು ಕಮ್ಮಿ. ದಕ್ಷಿಣದಲ್ಲಿ ನೀಲಗಿರಿ, ಬೆಂಗಳೂರು ಕಡೆ ಸಣ್ಣ ಬ್ರೂವರಿಗಳಿದ್ವು, ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಐದನ್ನ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡ್ದ, 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ಡೈರೆಕ್ಟರ್ ಆದ್ರು, ಕಿಂಗ್‌ಫಿಶರ್ ಬಂದದ್ದು 1978ರಲ್ಲಿ.

ಇಷ್ಟೆಲ್ಲ ಇಂಗ್ಲಿಷರು ಇದ್ದ ಕೊಡಗಲ್ಲಿ ಪಬ್ ಯಾಕೆ ಹುಟ್ಲಿಲ್ಲ?

1834ರಲ್ಲಿ ಕೊಡಗು ಕಂಪನಿ ಕೈಗೆ ಹೋಯ್ತು, 1854ರಲ್ಲಿ ಫೌಲರ್ ಅನ್ನೋನು ಮಡಿಕೇರಿ ಹತ್ರ ಕಾಫಿ ಎಸ್ಟೇಟ್ ಶುರು ಮಾಡ್ದ, ಆಮೇಲೆ ಪ್ಲಾಂಟರುಗಳು ಸಾಲುಸಾಲಾಗಿ ಬಂದ್ರು. ಆದ್ರೆ ಬಂದೋರು ಮಾಲೀಕರು, ಅವರಿಗೆ ಬೇಕಾದ್ದು ತಮ್ಮವರೇ ಇರೋ ಕ್ಲಬ್ಬು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ ಇವತ್ತಿಗೂ ಉಂಟು. ಕ್ಲಬ್ಬಲ್ಲಿ ಮೆಂಬರ್ ಅಲ್ಲದೋನಿಗೆ ಕುರ್ಚಿ ಇಲ್ಲ, ಪಬ್ಬಲ್ಲಿ ಕಾಸು ಕೊಟ್ಟ ಯಾರಿಗಾದ್ರೂ ಕುರ್ಚಿ ಉಂಟು, ಈ ಒಂದು ವ್ಯತ್ಯಾಸ ಸಾಕು.

ಇನ್ನೊಂದು ಕಡೆ ಕೊಡವರಿಗೆ ಕುಡಿಯೋಕೆ ಮನೆ ಬಿಟ್ಟು ಹೊರಗೆ ಹೋಗೋ ಅಗತ್ಯವೇ ಇರಲಿಲ್ಲ. ಐನ್‌ಮನೆ, ಅಂದ್ರೆ ಮನೆತನದ ಮೂಲ ಮನೆಯ ಜಗಲಿಯಲ್ಲಿ ಕಂಬಗಳ ಮಧ್ಯೆ ಐಮರ ಅಂತ ಅಗಲವಾದ ಮರದ ಹಲಗೆ ಇರುತ್ತಲ್ಲ, ಹಿರಿಯರು ಕೂರೋದು ಅಲ್ಲಿ, ನೂರಾರು ವರ್ಷ ಕೂತು ಕೂತು ಅದು ಗಾಜಿನ ಹಾಗೆ ನುಣುಪಾಗಿರುತ್ತೆ. ಬೈನೆ ಮರದ ಕಳ್ಳು, ಆಮೇಲೆ ಬ್ರಾಂದಿ, ರಮ್ಮು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಆಗಿ ಪಂದಿಕರಿ, ಕಡಂಬುಟ್ಟಿನ ಜೊತೆ ಕುಡಿಯೋದು, ಕಾರಣವರಿಗೆ, ಅಂದ್ರೆ ತೀರಿಹೋದ ಹಿರಿಯರಿಗೆ, ಎಡೆ ಇಡುವಾಗ ಮಾಂಸದ ಜೊತೆ ಮದ್ಯವೂ ಇಡೋದು, ಮದುವೆಯಲ್ಲಿ ಬಂದೋರಿಗೆಲ್ಲ ಕೊಡೋದು, ಇದರಲ್ಲಿ ಮುಚ್ಚುಮರೆ ಇಲ್ಲ. ಸೈನ್ಯಕ್ಕೆ ಹೋದ ಮನೆಗಳಿಗೆ ಮಿಲಿಟರಿ ಕ್ಯಾಂಟೀನ್ ಕೋಟಾ ಬೇರೆ. ಕೊಡಗಲ್ಲಿ ಎಲ್ಲರ ಪದ್ಧತಿ ಇದೇ ಅಂತ ತಿಳ್ಕೋಬೇಡಿ, ಇಲ್ಲಿ ಮುಸ್ಲಿಮರಿದ್ದಾರೆ, ಲಿಂಗಾಯತರಿದ್ದಾರೆ, ಮುಟ್ಟದೇ ಇರೋ ಮನೆಗಳು ಬೇಕಾದಷ್ಟು. ಹೊರಗಿನೋರು ಕೊಡಗು ಅಂದ ಕೂಡ್ಲೆ ಬಾಟ್ಲಿ ನೆನಪು ಮಾಡ್ಕೊಳ್ಳೋದು ನನಗೆ ಇಷ್ಟ ಆಗಲ್ಲ.

ಹಾಗಾದ್ರೆ ತೋಟದ ಕೂಲಿಯೋರು ಎಲ್ಲಿ ಕುಡೀತಿದ್ರು?

ಸಾರಾಯಿ ಅಂಗಡಿಯಲ್ಲಿ. ಬ್ರಿಟಿಷರ ಅಬಕಾರಿ ಪದ್ಧತಿಯಲ್ಲಿ ಅಂಗಡಿಯನ್ನ ಹರಾಜು ಹಾಕಿ ಜಾಸ್ತಿ ಕೂಗಿದ ಗುತ್ತಿಗೆದಾರನಿಗೆ ಕೊಡ್ತಿದ್ರು, ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೀತು. ಗುತ್ತಿಗೆದಾರ ಹರಾಜಿನ ದುಡ್ಡು ವಾಪಸ್ ತೆಗೀಬೇಕು, ಅವನಿಗೆ ಬೇಕಾದ್ದು ಪ್ಯಾಕೆಟ್ ಖರ್ಚಾಗೋದು, ಕೂರಿಸಿ ಉಪಚಾರ ಮಾಡೋದಲ್ಲ. ಎರವರು, ಕುರುಬರು, ಮೈಸೂರು ಹಾಸನ ಕಡೆಯಿಂದ, ತಮಿಳುನಾಡಿಂದ ಬಂದು ಎಸ್ಟೇಟಿನ ಸಾಲು ಮನೆ, ಅಂದ್ರೆ ಲೈನ್ ಮನೆಯಲ್ಲಿ ಇದ್ದೋರು, ಸಂತೆ ದಿನ ಸಂಬಳ ತಗೊಂಡು ಆ ಅಂಗಡಿ ಮುಂದೆ ನಿಂತು ಕುಡಿದು, ಉಪ್ಪಿನಕಾಯಿ ನೆಕ್ಕಿ, ಅಲ್ಲೇ ಅಂಚಿನಲ್ಲಿ ಕೂತು ಹೋಗ್ತಿದ್ರು. ಸಂಬಳದ ಅರ್ಧ ಅಲ್ಲೇ ಮುಗಿದು ಅಕ್ಕಿಗೆ ಸಾಲ ಮಾಡಿದ ಮನೆಗಳ ಕಥೆ ಯಾವ ಎಸ್ಟೇಟಿಗೆ ಹೋದ್ರೂ ಅಕ್ಕಂದಿರು ಹೇಳ್ತಾರೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಆ ಹೆಂಗಸರ ಕಷ್ಟ ನೋಡಿದೋರು ಯಾರೂ ಅದನ್ನ ತಪ್ಪು ಅನ್ನಲ್ಲ, ನಾನೂ ಅನ್ನಲ್ಲ. ಆದ್ರೆ ಆಮೇಲೆ ಆದದ್ದು ಎಂತ ಅಂದ್ರೆ, ಅದೇ ಮನುಷ್ಯ ಅದಕ್ಕಿಂತ ಜಾಸ್ತಿ ರೇಟಿಗೆ ವೈನ್ ಶಾಪಿನ ಕಿಟಕಿಯಲ್ಲಿ ಒಂದು ನೈಂಟಿ ಟೆಟ್ರಾ ಪ್ಯಾಕ್ ತಗೋತಾನೆ, ಅಲ್ಲಿ ಕುಡಿಯೋ ಹಾಗಿಲ್ಲ, ಸಿಎಲ್-2 ಲೈಸೆನ್ಸಲ್ಲಿ ಬರೀ ಪಾರ್ಸೆಲ್ಲು, ಹಾಗಾಗಿ ಮೋರಿ ಕಟ್ಟೆ ಮೇಲೆ, ಬಸ್ ಸ್ಟ್ಯಾಂಡ್ ಹಿಂದೆ, ತೋಟದ ಬೇಲಿ ಬದಿ ನಿಂತು ನೀರೂ ಹಾಕದೆ ಎರಡು ಗುಟುಕಿಗೆ ಮುಗಿಸಿ ಪ್ಯಾಕೆಟ್ ಬಿಸಾಕಿ ಹೋಗ್ತಾನೆ. ಬಾರಿನ ಒಳಗೆ ಕೂರೋಣ ಅಂದ್ರೆ ರೇಟು ಜಾಸ್ತಿ, ಬಟ್ಟೆ ನೋಡಿ ಸಪ್ಲೈಯರ್ ಮುಖ ಬೇರೆ ಥರ ಮಾಡ್ತಾನೆ. 1830ರ ಇಂಗ್ಲಿಷ್ ಕೂಲಿಗೆ ಕೆಸರು ಬೂಟಲ್ಲಿ ಕೂರೋಕೆ ಒಂದು ಬೆಂಚಾದ್ರೂ ಇತ್ತು. ನಮ್ಮ ತೋಟದ ಕೆಲಸದೋರಿಗೆ ಕುಡಿಯೋಕೆ ಬೇಕಾದಷ್ಟು ಕೊಟ್ಟಿದ್ದೀವಿ, ಕೂತು ಒಂದು ಗಂಟೆ ಮರ್ಯಾದೆಯಿಂದ ಮಾತಾಡೋ ಜಾಗ, ಅದರಲ್ಲಿ ಕುಡಿತ ಇರ್ಲಿ ಇಲ್ಲದಿರ್ಲಿ, ಕೊಟ್ಟಿಲ್ಲ. ಸರ್ಕಾರದ ಬಿವರೇಜಸ್ ಕಾರ್ಪೊರೇಷನ್ 2003ರಿಂದ ರಾಜ್ಯದ ಎಲ್ಲ ಮದ್ಯವನ್ನ ಹೋಲ್‌ಸೇಲಾಗಿ ಮಾರುತ್ತೆ, ಪ್ರತಿ ಬಾಟ್ಲಿ ಲೆಕ್ಕಕ್ಕೆ ಸಿಗುತ್ತೆ, ಅದನ್ನ ಎಲ್ಲಿ ನಿಂತು ಕುಡಿದ್ರು ಅನ್ನೋದು ಮಾತ್ರ ಯಾರ ಲೆಕ್ಕಕ್ಕೂ ಬರಲ್ಲ.

ನಾವು ಕಾಫಿ ಬೆಳೆಯೋರು. ಕಾಫಿಗೂ ಪಬ್ಬಿಗೂ ಏನಾದ್ರೂ ಸಂಬಂಧ ಉಂಟಾ?

ಉಂಟು. 1650ರಲ್ಲಿ ಆಕ್ಸ್‌ಫರ್ಡಲ್ಲಿ, 1652ರಲ್ಲಿ ಲಂಡನ್ನಿನಲ್ಲಿ ಕಾಫಿ ಹೌಸ್ ಶುರುವಾದಾಗ ಅದು ಪಬ್ಬಿಗೆ ಎದುರಾಳಿ, ತಲೆ ತಿರುಗದೆ ಕೂತು ಮಾತಾಡೋ ಜಾಗ. 1675ರ ಕೊನೆಗೆ ಎರಡನೇ ಚಾರ್ಲ್ಸ್ ರಾಜ ಅಲ್ಲಿ ಸರ್ಕಾರದ ವಿರುದ್ಧ ಮಾತಾಡ್ತಾರೆ ಅಂತ ಬಂದ್ ಮಾಡ್ಸೋಕೆ ಹೊರಟು, ಜನ ಸಿಟ್ಟಾಗಿದ್ದು ನೋಡಿ ಕೆಲವೇ ದಿನಕ್ಕೆ ಹಿಂದೆ ಸರಿದ. ಬಿಯರ್ ಆಗ್ಲಿ ಕಾಫಿ ಆಗ್ಲಿ, ಆಳೋರಿಗೆ ಹೆದರಿಕೆ ಇದ್ದದ್ದು ಮೇಜಿನ ಬಗ್ಗೆ. 1870ರ ಹೊತ್ತಿಗೆ ಮದ್ಯವಿರೋಧಿಗಳು ಪಬ್ಬಿನ ಹಾಗೇ ಕಾಣೋ ಕಾಫಿ ಟ್ಯಾವರ್ನುಗಳನ್ನ ತೆರೆದ್ರು, ಅದೇ ಕೌಂಟರು, ಅದೇ ಕನ್ನಡಿ, ಮಾರೋದು ಕಾಫಿ. ನಮ್ಮಲ್ಲಿ 1936ರಲ್ಲಿ ಬಾಂಬೆಯಲ್ಲಿ ಶುರುವಾದ ಇಂಡಿಯಾ ಕಾಫಿ ಹೌಸನ್ನ ಕಾಫಿ ಬೋರ್ಡ್ ಮುಚ್ಚೋಕೆ ಹೊರಟಾಗ ಕೆಲಸಗಾರರೇ 1957ರಿಂದ ಸಹಕಾರ ಸಂಘ ಮಾಡಿ ಉಳಿಸ್ಕೊಂಡ್ರು. ನನ್ನ ಕಣ್ಣಲ್ಲಿ ಅದು ನಮ್ಮ ದೇಶದ ಅತ್ಯುತ್ತಮ ಪಬ್ಬು.

ಬೆಂಗಳೂರಿಗೆ ಪಬ್ ಸಿಟಿ ಅನ್ನೋ ಹೆಸರು ಯಾವಾಗ ಬಂತು?

1980ರ ದಶಕದಲ್ಲಿ, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡ್ ಕಡೆ ಡ್ರಾಟ್ ಬಿಯರ್ ಕೊಡೋ ಪಬ್ಬುಗಳು ಬಂದಾಗ. ಬರೀ ಬಿಯರ್ ಮಾರೋ ಆರ್‌ವಿಬಿ ಲೈಸೆನ್ಸ್ ನಮ್ಮ ರಾಜ್ಯದಲ್ಲಿ ಮೊದಲೇ ಇದ್ದದ್ದು ಅನುಕೂಲ ಆಯ್ತು. ಆಮೇಲೆ 2010ರ ಸುಮಾರಿಗೆ ಅಲ್ಲೇ ಬಿಯರ್ ಮಾಡಿ ಕೊಡೋ ಮೈಕ್ರೋಬ್ರೂವರಿಗಳು ಬಂದವು.

ಹೈವೇ ಬಾರ್ ಬಂದ್ ಆದಾಗ ಕೊಡಗಲ್ಲಿ ಎಂತ ಆಯ್ತು?

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರೋ ಹಾಗಿಲ್ಲ ಅಂತು, ಆಮೇಲೆ 20 ಸಾವಿರಕ್ಕಿಂತ ಕಮ್ಮಿ ಜನ ಇರೋ ಊರಿಗೆ 220 ಮೀಟರ್ ಅಂತ ಮಾಡ್ತು. ಲೈಸೆನ್ಸ್ ವರ್ಷ ಮುಗಿಯೋದು ಜೂನ್ 30ಕ್ಕೆ ಆದ್ದರಿಂದ ನಮ್ಮ ರಾಜ್ಯದಲ್ಲಿ ಬಿಸಿ ತಟ್ಟಿದ್ದು 2017ರ ಜುಲೈ 1ರಿಂದ. ಕುಶಾಲನಗರ, ಸುಂಟಿಕೊಪ್ಪದಂಥ ಊರುಗಳು ಹೈವೇ ಎರಡೂ ಬದಿಗೇ ಬೆಳೆದಿರೋದು, 220 ಮೀಟರ್ ಹಿಂದೆ ಹೋದ್ರೆ ಯಾರದ್ದೋ ಕಾಫಿ ತೋಟ, ಇಲ್ಲಾಂದ್ರೆ ಇಳಿಜಾರು. ಆ ವರ್ಷವೇ ಪಟ್ಟಣಗಳಿಗೆ ವಿನಾಯಿತಿ ಸಿಕ್ತು, 2018ರಲ್ಲಿ ಪಂಚಾಯ್ತಿ ಊರುಗಳ ತೀರ್ಮಾನ ರಾಜ್ಯಕ್ಕೆ ಬಿಟ್ರು.

ಕುಡಿದು ಘಾಟಿ ಇಳಿಯೋರ ಬಗ್ಗೆ ಒಂದು ಮಾತು ಹೇಳಿ ಅಂತ ತುಂಬ ಜನ ಕೇಳಿದ್ದಾರೆ.

ಇಂಗ್ಲೆಂಡಲ್ಲಿ 1967ರಲ್ಲಿ ಊದಿಸೋ ಟೆಸ್ಟ್ ಬಂತು, 100 ಎಂಎಲ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಅಲ್ಲಿನ ಮಿತಿ, ನಮ್ಮಲ್ಲಿ ಬರೀ 30. ಹಳ್ಳಿ ಪಬ್ಬುಗಳ ವ್ಯಾಪಾರ ಬಿದ್ದೋಯ್ತು ಅಂತ ಆಗ ಗಲಾಟೆ ಮಾಡಿದ್ರು, ಆದ್ರೆ ಸಾವುಗಳು ಕಮ್ಮಿ ಆದ್ವು. ಮಡಿಕೇರಿಯಿಂದ ಸಂಪಾಜೆ ಇಳಿಯೋವಾಗ, ಮಾಕುಟ್ಟ ದಾರಿಯಲ್ಲಿ, ಮಂಜು ಬಿದ್ರೆ ಕುಡಿಯದೇ ಇರೋನಿಗೇ ರಸ್ತೆ ಕಾಣಲ್ಲ. ಒಂದು ಬಿಯರ್ ತಾನೆ ಅನ್ನಬೇಡಿ. ಜೀಪಿನ ಕೀ ಬೇರೆಯೋರ ಕೈಗೆ ಕೊಡಿ.

ಕೊಡಗಿನ ಮನೆ ವೈನ್ ಈ ಹಿಸ್ಟರಿಗೆ ಸೇರುತ್ತಾ?

ಸೇರುತ್ತೆ, ಅದು ಬಾಗಿಲಿಗೆ ಸೊಪ್ಪು ಕಟ್ಟಿದ ಆ ಇಂಗ್ಲಿಷ್ ಹೆಂಗಸರ ಕಸುಬೇ. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಏನು ಸಿಕ್ಕುತ್ತೋ ಅದರಲ್ಲಿ ನಮ್ಮ ಹೆಂಗಸರು ಭರಣಿಯಲ್ಲಿ ಹಾಕಿಡ್ತಾರೆ. ಮಾರೋಕೆ ಲೈಸೆನ್ಸ್ ಬೇಕು, ಹೋಂಸ್ಟೇಯಲ್ಲಿ ಗೆಸ್ಟಿಗೆ ಕಾಸಿಗೆ ಕೊಡೋದೂ ಅದರಲ್ಲೇ ಬರುತ್ತೆ, ನೆನಪಿಡಿ.

ಇಂಗ್ಲೆಂಡಲ್ಲೇ ಪಬ್ಬುಗಳು ಮುಚ್ಚಿ ಹೋಗ್ತಾ ಇವೆಯಂತೆ, ಯಾಕೆ?

1980ರಲ್ಲಿ ಬ್ರಿಟನ್ನಿನಲ್ಲಿ 60 ಸಾವಿರಕ್ಕಿಂತ ಜಾಸ್ತಿ ಇದ್ವು, ಈಗ 50 ಸಾವಿರಕ್ಕಿಂತ ಕಮ್ಮಿ. ಸೂಪರ್ ಮಾರ್ಕೆಟ್ಟಿನಲ್ಲಿ ಅಗ್ಗದ ಬಿಯರ್ ಸಿಗುತ್ತೆ, ಬಾಡಿಗೆ ಜಾಸ್ತಿ, 2007ರಿಂದ ಒಳಗೆ ಸಿಗರೇಟ್ ಸೇದೋ ಹಾಗಿಲ್ಲ. ದೊಡ್ಡದು ಅಂದ್ರೆ ಮಾಲೀಕತ್ವ. ಬ್ರೂವರಿಗಳ ಕೈಯಲ್ಲೇ ಪಬ್ಬುಗಳಿದ್ವು, ಅವರ ಬಿಯರೇ ಮಾರಬೇಕಿತ್ತು, 1989ರಲ್ಲಿ ಸರ್ಕಾರ ಆ ಹಿಡಿತ ಮುರಿಯೋಕೆ ಹೊರಟ್ರೆ ಅವು ಸಾವಿರಾರು ಪಬ್ಬುಗಳನ್ನ ಪಬ್ ಕಂಪನಿಗಳಿಗೆ ಮಾರಿದ್ವು, ಆ ಕಂಪನಿಗಳು ನಡೆಸೋನ ಬೆನ್ನು ಮುರಿದ್ವು. ಆದ್ರೆ ಎದುರು ನಿಂತ ಊರುಗಳೂ ಉಂಟು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಹಳ್ಳಿಯೋರು 2003ರಲ್ಲಿ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನ ಸಹಕಾರ ಸಂಘ ಮಾಡಿ ತಾವೇ ಖರೀದಿ ಮಾಡಿದ್ರು, ದಿನಾ ಕೂರೋರೇ ಮಾಲೀಕರು. ಕರ್ನಾಟಕದಲ್ಲಿ ಸಹಕಾರ ಸಂಘಕ್ಕೆ ಕೊಡಗಿನೋರು ಹೊಸಬರಲ್ಲ, ಜೇನು, ಕಾಫಿ, ಭತ್ತ ಎಲ್ಲದಕ್ಕೂ ಮಾಡಿದ್ದೀವಿ.

ನಮ್ಮ ಊರಿನ ಹಳೇ ಬಾರು, ಸಾರಾಯಿ ಅಂಗಡಿ ಬಗ್ಗೆ ಬರೆದಿಡಬೇಕು ಅಂತ ಇದೆ. ಎಲ್ಲಿಂದ ಶುರು ಮಾಡೋದು?

ಮೊದಲು ಗೋಡೆ ನೋಡಿ. ಲೈಸೆನ್ಸ್ ಕಾಪಿಯನ್ನ ಫ್ರೇಮ್ ಹಾಕಿ ತೂಗು ಹಾಕಿರ್ತಾರೆ, ಅದರಲ್ಲಿ ನಂಬರು, ವರ್ಷ ಇರುತ್ತೆ, ಮಾಲೀಕರ ಪರ್ಮಿಷನ್ ಕೇಳಿ ಫೋಟೋ ತೆಗೀರಿ. ಹಳೇ ರೇಟ್ ಬೋರ್ಡ್ ಗೋಡೌನಲ್ಲಿ ಬಿದ್ದಿರುತ್ತೆ, ಕೇಳಿ. ಆಮೇಲೆ ಮಾಲೀಕರಿಗಿಂತ ಮೊದಲು ಹಳೇ ಸಪ್ಲೈಯರ್ ಹತ್ರ ಮಾತಾಡಿ, ಯಾರು ಎಲ್ಲಿ ಕೂರ್ತಿದ್ರು, ಯಾರಿಗೆ ಸಾಲ ಇತ್ತು, ಯಾರು ಹಿಂದಿನ ಬಾಗಿಲಲ್ಲಿ ಬರ್ತಿದ್ರು ಅನ್ನೋದು ಅವರಿಗೆ ಬಾಯಿಪಾಠ. ಸಾಲಗಾರರ ಹೆಸರು ಬರೀಬೇಡಿ, ಅವರ ಮಕ್ಕಳು ಊರಲ್ಲೇ ಇದ್ದಾರೆ. ಸಾರಾಯಿ ಅಂಗಡಿ ವಿಷಯಕ್ಕೆ ಲೈನ್ ಮನೆ ಅಜ್ಜಿಯಂದಿರನ್ನ ಕೇಳಿ, ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಹೋಗಿ, ಗಂಡಸರು ಇಲ್ಲದ ಹೊತ್ತು ನೋಡ್ಕೊಂಡು ಹೋದ್ರೆ ಇನ್ನೂ ಒಳ್ಳೇದು. 2007ರ ಮೊದಲು ಪ್ಯಾಕೆಟ್ ಎಷ್ಟು, ಆ ದಿನದ ಕೂಲಿ ಎಷ್ಟು, ಎರಡನ್ನೂ ಒಟ್ಟಿಗೆ ಕೇಳಿ ಬರ್ಕೊಳ್ಳಿ.